ಒಂದೇ ಮನೆಗೆ ಮೂರು ವರಮಾನ

ತೆರಿಗೆ ಲೆಕ್ಕ ಬರೆಸಲು ಬಂದವರು ಕುರ್ಚಿ ಎಳೆದುಕೊಳ್ಳುವಾಗಲೇ ಹೇಳುವ ಮಾತೊಂದಿದೆ: "ನಾವು ಮಧ್ಯಮ ವರ್ಗದವರು." ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ನಾಲ್ಕು ಎಕರೆ ಅಡಿಕೆ ತೋಟ ಇರುವವರೂ ಹಾಗೆನ್ನುತ್ತಾರೆ, ಅದೇ ತೋಟದಲ್ಲಿ ಸೋಗೆ ಎಳೆದು ಸಂಜೆ ಕೂಲಿ ಎಣಿಸಿಕೊಳ್ಳುವವರೂ ಹಾಗೆನ್ನುತ್ತಾರೆ. ಶ್ರೀಮಂತರೆಲ್ಲ ಮಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರಂತೆ.

ಕಾಗದ ಮಾತ್ರ ಬೇರೆಯೇ ಹೇಳುತ್ತದೆ. ಮಗಳ ವಿದ್ಯಾರ್ಥಿವೇತನಕ್ಕೆ ಗ್ರಾಮ ಕಚೇರಿಯಿಂದ ತರುವ ಪ್ರಮಾಣಪತ್ರದಲ್ಲಿ ಮನೆಯ ವರಮಾನ ವರ್ಷಕ್ಕೆ 72,000 ರೂಪಾಯಿ. ಮನೆ ಸಾಲಕ್ಕೆ ಬ್ಯಾಂಕಿಗೆ ಕೊಡುವ ಹೇಳಿಕೆಯಲ್ಲಿ ಅದೇ ಮನೆಗೆ ಏಳು ಲಕ್ಷ. ಮೂರನೆಯದು ಬರವಣಿಗೆಯಲ್ಲಿರುವುದಿಲ್ಲ, ಮದುವೆಯ ಮಾತುಕತೆಗೆ ಬಂದವರ ಮುಂದೆ ತೋಟದತ್ತ ಕೈ ಬೀಸಿ ತೋರಿಸುವಂಥದ್ದು. ಮೊದಲಿನ ಎರಡನ್ನೂ ಬರೆದುಕೊಟ್ಟ ಕೈ ಎಷ್ಟೋ ಸಲ ನನ್ನದೇ, ಹಾಗಾಗಿ ನಗುವ ಅಧಿಕಾರ ನನಗಿಲ್ಲ.

ಜನರ ಬಾಯಿಯನ್ನು ನಂಬುವಂತಿಲ್ಲವೆಂದು ಸರಕಾರ ಟೇಪು ಹಿಡಿಯುತ್ತದೆ. ಕೇರಳದಲ್ಲಿ ರೇಷನ್ ಕಾರ್ಡಿಗೆ ನಾಲ್ಕು ಬಣ್ಣ: ಹಳದಿ, ಗುಲಾಬಿ, ನೀಲಿ, ಬಿಳಿ. ಮನೆ 1000 ಚದರಡಿ ದಾಟಿದರೆ, ಜಾಗ ಒಂದು ಎಕರೆ ದಾಟಿದರೆ, ಸ್ವಂತಕ್ಕೊಂದು ಕಾರು ಇದ್ದರೆ, ತಿಂಗಳ ವರಮಾನ 25,000 ರೂಪಾಯಿ ಮೀರಿದರೆ ಆದ್ಯತಾ ಪಟ್ಟಿಯಿಂದ ಹೊರಗೆ, ಅಂದರೆ ಹಳದಿಯೂ ಇಲ್ಲ, ಗುಲಾಬಿಯೂ ಇಲ್ಲ. ನಿಯಮ ತಪ್ಪೆಂದು ಹೇಳುವುದಿಲ್ಲ. ಆದರೆ ಟೇಪು ಕಣ್ಣಿಗೆ ಕಾಣುವುದನ್ನಷ್ಟೇ ಅಳೆಯುತ್ತದೆ.

ಬೀಡಿ ಕಟ್ಟುವ ಹೆಂಗಸೊಬ್ಬರ ಕಡತ ನೆನಪಾಗುತ್ತದೆ. ಮಗ ಗಲ್ಫಿಗೆ ಹೋದ ಎರಡನೆಯ ವರ್ಷ ಸಾಲ ಮಾಡಿ ಮನೆ ಎಬ್ಬಿಸಿದ, ಐದನೆಯ ವರ್ಷ ಕೆಲಸ ಹೋಗಿ ಮರಳಿದ. ಗೋಡೆಗೆ ಗಾರೆಯಿಲ್ಲ, ಕೆಂಪುಕಲ್ಲು ಹಾಗೆಯೇ ಕಾಣುತ್ತದೆ. ಅಳೆದಾಗ 1,040 ಚದರಡಿ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಅವರು ಕೂರುವ ಮುಂಚಾವಡಿಯನ್ನು ಬಿಟ್ಟಿದ್ದರೆ ಮನೆ ಸಾವಿರದೊಳಗೆ ನಿಲ್ಲುತ್ತಿತ್ತು. ಕಾರ್ಡು ಬಿಳಿಯಾಯಿತು. ಅತ್ತ ಲಾಕರಿನಲ್ಲಿ ಮಲಗಿದ ಚಿನ್ನಕ್ಕೆ ಯಾವ ಟೇಪೂ ಇಲ್ಲ.

ಈ ಅಂತರ ಎಲ್ಲಿಂದ ಬಂತೆಂದು ಹಳೆಯ ದಾಖಲೆಗಳೇ ಹೇಳುತ್ತವೆ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಮುಗಿಯಿತು. ಧನಿಗಳ ಭೂಮಿಯಲ್ಲಿ ಒಕ್ಕಲಾಗಿದ್ದವರಿಗೆ ಉಳುತ್ತಿದ್ದ ಭೂಮಿಯೇ ದಕ್ಕಿತು. ಅದೇ ಭೂಮಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯಾಳುಗಳಿಗೆ ಪಂಚಾಯತು ಪ್ರದೇಶವಾದರೆ ಹತ್ತು ಸೆಂಟ್ಸ್. ಅದಕ್ಕೆ ಕುಡಿಕಿಡಪ್ಪು ಎಂಬ ಮಲಯಾಳ ಶಬ್ದವನ್ನೇ ಇಲ್ಲಿನ ಕನ್ನಡಿಗರೂ ಬಳಸುತ್ತಾರೆ. ಎಬ್ಬಿಸಿ ಓಡಿಸಲಾಗದ ನೆಲ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೂ ಒಬ್ಬನಿಗೆ ತೋಟ, ಇನ್ನೊಬ್ಬನಿಗೆ ಅಂಗಳ. ಈಗ ಇಬ್ಬರ ಮೊಮ್ಮಕ್ಕಳೂ ಪಾಲುಪಟ್ಟಿ ಹಿಡಿದು ನನ್ನೆದುರು ಕೂರುತ್ತಾರೆ. ಹತ್ತು ಸೆಂಟ್ಸ್ ಮೂವರಿಗೆ ಹಂಚಿದರೆ ತಲಾ ಮೂರು ಚಿಲ್ಲರೆ, ಬಾವಿ ಯಾರ ಪಾಲಿಗೆಂದು ಅರ್ಧ ದಿನ ಜಗಳ. ತೋಟದ ಮೊಮ್ಮಗ "ಅಜ್ಜ ಬೆವರು ಸುರಿಸಿ ಮಾಡಿದ್ದು" ಎನ್ನುತ್ತಾನೆ. ಸುಳ್ಳಲ್ಲ. ಅಡಿಕೆ ಮರ ಹತ್ತಿದ ಅಜ್ಜನೂ ಬೆವತಿದ್ದ.

ತೋಟದ ವರಮಾನಕ್ಕೆ ಆದಾಯ ತೆರಿಗೆಯಿಲ್ಲ. ಬೇರೆ ವರಮಾನವೂ ಇದ್ದರೆ ದರ ಲೆಕ್ಕ ಹಾಕಲು ಮಾತ್ರ ಅದನ್ನು ಸೇರಿಸಿಕೊಳ್ಳುತ್ತಾರೆ. ಸತ್ತವರ ಆಸ್ತಿಯ ಮೇಲಿದ್ದ ತೆರಿಗೆ 1985ರಲ್ಲಿ ಹೋಯಿತು, ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲಿ. ಇವುಗಳ ಬಗ್ಗೆ ಸಿಟ್ಟು ಮಾಡಿಕೊಂಡು ನನ್ನ ಕಚೇರಿಗೆ ಯಾರೂ ಬಂದಿಲ್ಲ. ಸಿಟ್ಟೆಲ್ಲ ಪಕ್ಕದ ಮನೆಯ ಗುಲಾಬಿ ಕಾರ್ಡಿನ ಮೇಲೆ.

ಸರಕಾರಿ ಶಾಲೆಯ ಅಧ್ಯಾಪಕರೊಬ್ಬರು 2025-26ರ ಲೆಕ್ಕಕ್ಕೆ ಬಂದವರು ಅದನ್ನೇ ಹೇಳಿದರು: "ನಾವು ತೆರಿಗೆ ಕಟ್ಟುವುದು, ಅವರು ಪುಕ್ಕಟೆ ಅಕ್ಕಿ ತಿನ್ನುವುದು." ಸಂಬಳ ಹನ್ನೊಂದು ಲಕ್ಷ, ಠೇವಣಿಯ ಬಡ್ಡಿ ತೊಂಬತ್ತು ಸಾವಿರ. ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಕಳೆದು ಹನ್ನೆರಡು ಲಕ್ಷದೊಳಗಿದ್ದರೆ ತೆರಿಗೆ ಸೊನ್ನೆ. ಪರದೆಯನ್ನು ಅವರತ್ತ ತಿರುಗಿಸಿದೆ. ಬೀಡಿಯವರು ಮೊಬೈಲಿಗೆ ರೀಚಾರ್ಜ್ ಮಾಡಿಸುವಾಗ ಕೊಡುವ ಜಿಎಸ್‌ಟಿ ಶೇಕಡಾ 18, ನೀವು ಕೊಡುವುದೂ ಅಷ್ಟೇ ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಸೊನ್ನೆಯನ್ನು ಇನ್ನೊಮ್ಮೆ ನೋಡಿದರು.

"ಹಾಗಾದರೆ ಠೇವಣಿ ಬಡ್ಡಿಯಲ್ಲಿ ಬ್ಯಾಂಕು ಟಿಡಿಎಸ್ ಎಂದು ಮೊದಲೇ ಹಿಡಿದ ತೆರಿಗೆ ಎಷ್ಟು ದಿನದೊಳಗೆ ವಾಪಸು ಬರುತ್ತದೆ?"