4 ಸೆಂಟಿಮೀಟರ್ ಹತ್ತಿರ ಹೋದರೆ ಪಾಠ ಹೇಳುವ ಹೆಂಚು

ಮಂಗಳೂರಿನಿಂದ ಉಡುಪಿಗೆ ಕಾರಿನಲ್ಲಿ ಹೋಗುವವರು ಹೆಜಮಾಡಿ ಟೋಲ್‌ನಲ್ಲಿ ಸ್ವಲ್ಪ ನಿಧಾನಿಸುತ್ತಾರೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಯಂತ್ರ ಓದುತ್ತದೆ, ಗೇಟು ಏಳುತ್ತದೆ. ಆ ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ಆದರೂ ಕೆಲವು ಮೀಟರ್ ದೂರದಿಂದಲೇ ಓದಬಹುದು. ಅದೇ ಜಾತಿಯ ಇನ್ನೊಂದು ಟ್ಯಾಗ್ ಎನ್‌ಎಫ್‌ಸಿ. ಇದನ್ನು ಓದಬೇಕಾದರೆ ಫೋನನ್ನು ಸುಮಾರು 4 ಸೆಂಟಿಮೀಟರ್‌ನಷ್ಟು ಹತ್ತಿರ ಹಿಡಿಯಬೇಕು. ಇದೆಂಥ ತಂತ್ರಜ್ಞಾನ ಅನ್ನಿಸಬಹುದು. ಆದರೆ ಮಕ್ಕಳಿಗೆ ಕಲಿಕೆಯ ಆ್ಯಪ್ ಮಾಡಲು ಹೊರಟ ನಮಗೆ ಬೇಕಾಗಿದ್ದದ್ದು ಇದೇ.

ಯೋಚನೆ ಸರಳ. ಉಡುಪಿ ಹತ್ತಿರದ ಒಂದು ಶಾಲೆಯಲ್ಲಿ ಹಳೆಯ ಸಾಮಾನುಗಳ ಕೋಣೆ ಇದೆ. ಮಂಗಳೂರು ಹೆಂಚು, ಕಡೆಯುವ ಕಲ್ಲು, ತಾಮ್ರದ ಹಂಡೆ, ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ, ಒಂದು ತುಂಡು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಒಂದೊಂದಕ್ಕೂ ಒಂದು ಟ್ಯಾಗ್. ಫೋನು ತಾಗಿಸಿದರೆ ಆ ವಸ್ತುವಿನ ಪಾಠ ತೆರೆಯಬೇಕು.

"ಇದ್ರಲ್ಲಿ ಬ್ಯಾಟರಿ ಎಲ್ಲುಂಟು ಸರ್?" ಅಂತ ಏಳನೇ ಕ್ಲಾಸಿನ ಒಬ್ಬಳು ಟ್ಯಾಗನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು. ಹಾಗೆ ಹಿಡಿದರೆ ಕಾಣುವುದು ಕೆಲವೇ ಸುತ್ತಿನ ತೆಳು ಲೋಹದ ಸುರುಳಿ, ಜೊತೆಗೆ ಒಂದು ಕಪ್ಪು ಚುಕ್ಕಿ. ಆ ಚುಕ್ಕಿಯೇ ಚಿಪ್. ಫೋನಿನ ಬೆನ್ನಿನಲ್ಲೂ ಇಂಥದ್ದೇ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಹಿಂದೆ ಮುಂದೆ ಆಗುತ್ತದೆ, ಅಂದರೆ 13.56 ಮೆಗಾಹರ್ಟ್ಸ್. ಸುತ್ತಲಿನ ಕಾಂತಕ್ಷೇತ್ರವೂ ಅದೇ ವೇಗದಲ್ಲಿ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರದೊಳಗೆ ಇನ್ನೊಂದು ಸುರುಳಿ ಇಟ್ಟರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಅಂತ ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಟ್ಯಾಗ್‌ನ ಚಿಪ್ ಎಚ್ಚರವಾಗಲು ಅಷ್ಟು ಸಾಕು.

ಎಚ್ಚರವಾದ ಚಿಪ್ ಉತ್ತರ ಕೊಡುವುದು ಹೇಗೆ? ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ತಾನೇ ಅಲೆ ಹುಟ್ಟಿಸಿ ಕಳಿಸುವ ಶಕ್ತಿ ಅದಕ್ಕಿಲ್ಲ. ತೋಟದ ಪಂಪ್ ಹಾಕಿದ ಕೂಡಲೇ ಮನೆಯ ಬಲ್ಬು ಮಂಕಾಗುತ್ತದಲ್ಲ? ಬಲ್ಬು ನೋಡಿಯೇ ಪಂಪ್ ಶುರುವಾಯಿತು ಅಂತ ಹೇಳಬಹುದು. ಟ್ಯಾಗ್ ಮಾಡುವುದೂ ಅಷ್ಟೇ. ತಾನು ಎಳೆಯುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಫೋನಿನ ಸುರುಳಿಯಲ್ಲಿ ಅದರಿಂದಾಗುವ ಸಣ್ಣ ಏರಿಳಿತವನ್ನು ಫೋನು ಸೊನ್ನೆ, ಒಂದು ಅಂತ ಓದಿಕೊಳ್ಳುತ್ತದೆ. ದೂರ ಹೋದರೆ ಕೆಲಸ ಆಗದಿರುವುದೂ ಇದಕ್ಕೇ. ಸುರುಳಿಯಿಂದ ಸ್ವಲ್ಪ ಆಚೆ ಹೋದ ಮೇಲೆ, ದೂರ ಎರಡು ಪಟ್ಟಾದರೆ ಕ್ಷೇತ್ರದ ಬಲ ಹೆಚ್ಚು ಕಡಿಮೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ.

ತಾಮ್ರದ ಹಂಡೆಗೆ ಮಾಮೂಲಿ ಸ್ಟಿಕರ್ ಅಂಟಿಸಿದರೆ ಫೋನು ಸುಮ್ಮನೆ ಕೂತಿರುತ್ತದೆ. ಹಂಡೆಯ ಮೈಯಲ್ಲೇ ಸುಳಿ ವಿದ್ಯುತ್ ಹುಟ್ಟಿ, ಫೋನಿನ ಕ್ಷೇತ್ರಕ್ಕೆ ಎದುರಾಗಿ ನಿಲ್ಲುತ್ತದೆ. ಲೋಹಕ್ಕೆ ಅಂಟಿಸಲೆಂದೇ ಫೆರೈಟ್ ಪದರ, ಅಂದರೆ ಕಾಂತಕ್ಷೇತ್ರ ಲೋಹಕ್ಕೆ ಹೋಗದಂತೆ ತಡೆಯುವ ಪದರ, ಇರುವ ಟ್ಯಾಗ್‌ಗಳು ಸಿಗುತ್ತವೆ, ಬೆಲೆ ಜಾಸ್ತಿ. ಮರದ ಬಿಲ್ಲೆಗೆ ಅಂಟಿಸಿ ಹಂಡೆಯ ಕಿವಿಗೆ ದಾರದಲ್ಲಿ ನೇತು ಹಾಕಿದರೂ ನಡೆಯುತ್ತದೆ. ಮುರಕಲ್ಲಿನಲ್ಲೂ ಕಬ್ಬಿಣ ಇದೆ ಅಲ್ವಾ ಅಂತ ಕೇಳಬಹುದು. ಇದೆ, ಅದರ ಕೆಂಪು ಬಣ್ಣವೇ ಅದರಿಂದ. ಆದರೆ ಅದು ಆಕ್ಸೈಡ್ ರೂಪದಲ್ಲಿದೆ. ಲೋಹದಲ್ಲಿ ಹರಿದ ಹಾಗೆ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ತೊಂದರೆ ಇಲ್ಲ. ಮುರಕಲ್ಲಿನ ತಕರಾರೇ ಬೇರೆ. ಅದರ ಒರಟು ಮೈಗೆ ಯಾವ ಅಂಟೂ ನಿಲ್ಲುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕಂತೂ ಕಾಗದದ ಸ್ಟಿಕರ್ ಲಾಯಕ್ಕೇ ಅಲ್ಲ. ಪ್ಲಾಸ್ಟಿಕ್‌ನೊಳಗೆ ಮುಚ್ಚಿ ಬರುವ ಬಿಲ್ಲೆ ಟ್ಯಾಗ್ ತೆಗೆದುಕೊಳ್ಳುವುದು ಒಳ್ಳೆಯದು.

ಇನ್ನು ಟ್ಯಾಗ್‌ನೊಳಗೆ ಏನು ಬರೆಯಬೇಕು? ಹೆಚ್ಚಾಗಿ ಸಿಗುವ ಎನ್‌ಟ್ಯಾಗ್ 213 ಚಿಪ್‌ನಲ್ಲಿ ನಮ್ಮ ಬಳಕೆಗೆ ಇರುವ ಜಾಗ 144 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ, ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯೂನಿಕೋಡ್‌ನ ಯುಟಿಎಫ್-8 ಲೆಕ್ಕದಲ್ಲಿ, ಮೂರು ಬೇಕು. ಅದೂ ಗುಣಿತದ ಗುರುತಿಗೆ, ಸೊನ್ನೆಗೆ, ಒತ್ತಕ್ಷರಕ್ಕೆ ಎಲ್ಲ ಬೇರೆ ಬೇರೆ ಲೆಕ್ಕ. 'ಹೆಂಚು' ಎಂಬಲ್ಲಿ ಹ, ಎತ್ವ, ಸೊನ್ನೆ, ಚ, ಕೊಂಬು ಸೇರಿ ಐದು, ಅಂದರೆ 15 ಬೈಟ್. 'ಮಂಗಳೂರು ಹೆಂಚು' ಅಂತ ಬರೆದರೆ 37. ಇಡೀ ಟ್ಯಾಗ್ ತುಂಬಿಸಿದರೂ ಒಂದೆರಡು ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ.

ಹಾಗಾಗಿ ಟ್ಯಾಗ್‌ನಲ್ಲಿ ಪಾಠ ಇಡುವ ಆಸೆ ಬಿಡಬೇಕು. ಅದರಲ್ಲಿರುವುದು ಒಂದು ಚಿಕ್ಕ ವೆಬ್ ವಿಳಾಸ, ಕೊನೆಗೆ ವಸ್ತುವಿನ ನಂಬರ್. ಪಾಠ, ಚಿತ್ರ, ಧ್ವನಿ ಎಲ್ಲ ಆ್ಯಪ್‌ನೊಳಗೇ ಇರುತ್ತವೆ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಪಾಠದಲ್ಲಿ ತಪ್ಪು ಕಂಡರೆ ಆ್ಯಪ್ ಸರಿಪಡಿಸಿದರಾಯಿತು, ಟ್ಯಾಗ್ ಮುಟ್ಟಬೇಕಾಗಿಲ್ಲ. ಅದಕ್ಕೇ ಟ್ಯಾಗನ್ನು ಧೈರ್ಯವಾಗಿ ಲಾಕ್ ಮಾಡಬಹುದು. ಒಮ್ಮೆ ಲಾಕ್ ಆದರೆ ಯಾರೂ ಬೇರೆ ವಿಳಾಸ ತುರುಕಲು ಆಗುವುದಿಲ್ಲ. ನಾವೂ ಬದಲಿಸಲು ಆಗುವುದಿಲ್ಲ ಅನ್ನಿ.

ಫೋನಿನ ಸಮಸ್ಯೆ ಬೇರೆ. ಕಡಿಮೆ ಬೆಲೆಯ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಎನ್‌ಎಫ್‌ಸಿ ಇರುವುದೇ ಇಲ್ಲ. ಮನೆಯಿಂದ ಮಕ್ಕಳ ಕೈಗೆ ಸಿಗುವುದು ಅಂಥ ಫೋನೇ. ಅದೇ ವಿಳಾಸವನ್ನು ಕ್ಯೂಆರ್ ಕೋಡ್ ಆಗಿಯೂ ಮುದ್ರಿಸಿ ಟ್ಯಾಗ್ ಪಕ್ಕ ಇಡದಿದ್ದರೆ ಅರ್ಧ ಕ್ಲಾಸು ಹೊರಗುಳಿಯುತ್ತದೆ. ಎನ್‌ಎಫ್‌ಸಿ ಇದ್ದ ಫೋನಿನಲ್ಲೂ ಸುರುಳಿ ಎಲ್ಲಿದೆ ಅಂತ ಹುಡುಕಬೇಕು. ಐಫೋನ್‌ನಲ್ಲಿ ಮೇಲಿನ ಅಂಚಿನಲ್ಲಿ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಬೆನ್ನಿನ ನಡು ಅಥವಾ ಮೇಲ್ಭಾಗದಲ್ಲಿ. ಮೊದಲ ಪುಟದಲ್ಲೇ ಇದನ್ನು ಚಿತ್ರ ಹಾಕಿ ತೋರಿಸಬೇಕು.

ಕ್ಯೂಆರ್ ಇದ್ದ ಮೇಲೆ ಟ್ಯಾಗ್ ಯಾಕೆ? ಕ್ಯೂಆರ್ ಕೋಡನ್ನು ಗೋಡೆಗೆ ಒರಗಿ ನಿಂತೂ ಸ್ಕ್ಯಾನ್ ಮಾಡಬಹುದು. ಟ್ಯಾಗ್‌ಗೆ ವಸ್ತುವಿನ ಹತ್ತಿರ ಹೋಗಲೇಬೇಕು, ಕೈಯಲ್ಲಿ ಎತ್ತಿಕೊಳ್ಳಲೇಬೇಕು. ಕಣ್ಣು ಸರಿಯಾಗಿ ಕಾಣದ ಮಗುವಿಗೆ ಕ್ಯಾಮೆರಾ ಗುರಿ ಹಿಡಿಯುವ ಕಷ್ಟವೂ ಇಲ್ಲ.

ಹೆಂಚಿನ ಟ್ಯಾಗನ್ನು ನಾವು ಬೇಕೆಂದೇ ಅಡಿಭಾಗಕ್ಕೆ ಅಂಟಿಸಿದೆವು. ಫೋನು ತಾಗಿಸಬೇಕಾದರೆ ಹೆಂಚನ್ನು ಮಗುಚಲೇಬೇಕು. ಮಗುಚಿದರೆ ಅಚ್ಚಾದ ಕಾರ್ಖಾನೆಯ ಹೆಸರು ಕಾಣುತ್ತದೆ. ಆ್ಯಪ್ ಮೊದಲು ಹೇಳುವುದು, "ಹೆಸರು ಓದಿ." ಆಮೇಲೆ, "ಅಡಿಯಲ್ಲಿರುವ ಉಬ್ಬುಗಳನ್ನು ಮುಟ್ಟಿ ನೋಡಿ. ಇವು ಯಾವುದಕ್ಕೆ?" ಮಾಡಿನ ರೀಪಿಗೆ ಸಿಕ್ಕಿಕೊಂಡು ಹೆಂಚು ಜಾರದಿರಲು ಅಂತ ಮಕ್ಕಳು ಮಾತಾಡಿಕೊಂಡೇ ಕಂಡುಹಿಡಿಯುತ್ತಾರೆ. "ಒಂದು ಹನಿ ನೀರು ಹಾಕಿ. ಎಲ್ಲಿಗೆ ಹೋಯಿತು?" ಎಂಬುದು ಮೂರನೆಯದು. ಸುಟ್ಟ ಮಣ್ಣಿನ ಸಣ್ಣ ಸಣ್ಣ ರಂಧ್ರಗಳ ಪಾಠ ಅಲ್ಲಿಂದ ಶುರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಕಥೆ ಬರುವುದು ಇಷ್ಟೆಲ್ಲ ಆದ ಮೇಲೆ. ಅದೇ ಮೊದಲು ಬಂದರೆ ಮಕ್ಕಳು ಪರದೆ ಓದುತ್ತಾ ಕೂರುತ್ತಾರೆ, ಹೆಂಚು ಮೇಜಿನ ಮೇಲೇ ಉಳಿಯುತ್ತದೆ.

ಈಗ ಉಳಿದ ಕೆಲಸ ಧ್ವನಿಯದು. ಕಡೆಯುವ ಕಲ್ಲಿನ ಬಗ್ಗೆ ಊರಿನ ಅಜ್ಜಿಯಂದಿರೇ ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳಬೇಕು ಅಂತ ಆಸೆ. ಮಾತಿಗೆ ಸೆಕೆಂಡಿಗೆ 32 ಕಿಲೋಬಿಟ್‌ನ ಗುಣಮಟ್ಟ ಸಾಕು. ಆ ಲೆಕ್ಕದಲ್ಲಿ ಅರ್ಧ ನಿಮಿಷದ ಒಂದು ಮಾತು 120 ಕಿಲೋಬೈಟ್, 50 ವಸ್ತುಗಳಿಗೆ 6 ಎಂಬಿ. ಫೋನಿಗೆ ಅದೇನೂ ಭಾರವಲ್ಲ. ಅರ್ಧ ನಿಮಿಷಕ್ಕೆ ಮಾತು ಮುಗಿಸಲು ಅಜ್ಜಿಯಂದಿರು ಒಪ್ಪುತ್ತಾರಾ ಅನ್ನುವುದೇ ಪ್ರಶ್ನೆ.