ಗೂಗಲ್ ಇಂಡೆಕ್ಸ್‌ಗೆ ಪುಟ ಸೇರಿತೇ? ತಂತ್ರಾಂಶದಿಂದ ಕೇಳುವ ಬಗೆ

ಪುಟವೊಂದು ಪ್ರಕಟವಾದ ಮೇಲೆ ಹುಡುಕಾಟದಲ್ಲಿ ಸಿಗಬೇಕಾದರೆ ಮೂರು ಹಂತ ದಾಟಬೇಕು. ಜಾಲತಾಣಗಳನ್ನು ಸುತ್ತಿ ಓದುವ ಗೂಗಲ್‌ನ ತಂತ್ರಾಂಶ ಗೂಗಲ್‌ಬಾಟ್‌ಗೆ ಅದರ ವಿಳಾಸ ಗೊತ್ತಾಗಬೇಕು, ಅದು ಬಂದು ಪುಟವನ್ನು ಓದಬೇಕು (ಇದೇ ಕ್ರಾಲ್), ಓದಿದ್ದನ್ನು ತನ್ನ ಹುಡುಕಾಟದ ಸಂಗ್ರಹವಾದ ಇಂಡೆಕ್ಸ್‌ನಲ್ಲಿ ಇಟ್ಟುಕೊಳ್ಳಲು ಗೂಗಲ್ ಒಪ್ಪಬೇಕು. ಎಲ್ಲಿ ನಿಂತಿದೆ ಎಂದು ತಿಳಿಯದೆ ಮಾಡುವ ದುರಸ್ತಿಯೆಲ್ಲ ಕತ್ತಲಲ್ಲಿ ಕಲ್ಲೆಸೆದಂತೆ.

ಬಹಳಷ್ಟು ಮಂದಿ ಹುಡುಕು ಪೆಟ್ಟಿಗೆಯಲ್ಲಿ 'ಸೈಟ್:' (site:) ಎಂದು ಬರೆದು ವಿಳಾಸ ಕೊಟ್ಟು ನೋಡುತ್ತಾರೆ. ಒಂದೆರಡು ಪುಟಕ್ಕೆ ಅದು ಸಾಕು. ಆದರೆ ಇಂಡೆಕ್ಸ್‌ನಲ್ಲಿರುವ ಎಲ್ಲ ಪುಟಗಳನ್ನೂ ಅದು ತೋರಿಸಿಯೇ ತೀರುತ್ತದೆ ಎಂಬ ಖಾತರಿಯಿಲ್ಲ. ಇದೇ ಕೆಲಸವನ್ನು ಸ್ಕ್ರಿಪ್ಟ್ ಬರೆದು ನೂರಾರು ಸಲ ಮಾಡಿಸಿದರೆ ಕ್ಯಾಪ್ಚಾ ಎದುರಾಗುತ್ತದೆ, ಆಮೇಲೆ 'ವಿನಂತಿಗಳು ಅತಿಯಾದವು' ಎನ್ನುವ 429 ದೋಷ. ಇಂಥ ಸ್ವಯಂಚಾಲಿತ ಹುಡುಕಾಟ ಗೂಗಲ್‌ನ ನಿಯಮಗಳಿಗೂ ವಿರುದ್ಧ.

ಸರಿಯಾದ ದಾರಿ, ತಾಣದ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಸೇವೆಯ ಯುಆರ್‌ಎಲ್ ಇನ್‌ಸ್ಪೆಕ್ಷನ್ ಎಪಿಐ, ಅಂದರೆ ಒಂದು ವಿಳಾಸದ ಸ್ಥಿತಿಯನ್ನು ತಂತ್ರಾಂಶದಿಂದಲೇ ಕೇಳುವ ದ್ವಾರ. 2022ರ ಜನವರಿಯಿಂದ ಇದು ಎಲ್ಲರಿಗೂ ಲಭ್ಯ. ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ತೆರೆದು ಸರ್ಚ್ ಕನ್ಸೋಲ್ ಎಪಿಐಯನ್ನು ಚಾಲೂ ಮಾಡಿ, ಒಂದು ಸರ್ವಿಸ್ ಅಕೌಂಟ್ (ಮನುಷ್ಯರ ಬದಲು ತಂತ್ರಾಂಶ ಬಳಸುವ ಖಾತೆ) ಸೃಷ್ಟಿಸಿ. ಆ ಅಕೌಂಟಿನ ಇಮೇಲ್ ವಿಳಾಸವನ್ನು ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ತಾಣದ ಬಳಕೆದಾರನಾಗಿ ಸೇರಿಸಬೇಕು. ಇದನ್ನು ಮರೆತರೆ 'ಅನುಮತಿಯಿಲ್ಲ' ಎನ್ನುವ 403 ದೋಷ ಬರುತ್ತದೆ. ತಾಣದ ಹೆಸರನ್ನು ಕನ್ಸೋಲ್‌ನಲ್ಲಿ ಇರುವ ರೂಪದಲ್ಲೇ ಕೊಡಬೇಕು: ಡೊಮೇನ್ ಪ್ರಾಪರ್ಟಿಯಾದರೆ (ಕನ್ಸೋಲ್‌ನಲ್ಲಿ ನೋಂದಾಯಿಸಿದ ತಾಣವೇ ಪ್ರಾಪರ್ಟಿ) ಮೊದಲಿಗೆ 'ಎಸ್‌ಸಿ-ಡೊಮೇನ್:' (sc-domain:) ಎಂದು ಸೇರಿಸಬೇಕು, ವಿಳಾಸ ಮಾದರಿಯದಾದರೆ ಕೊನೆಯ ಓರೆಗೆರೆ ಬೇಕು. ಒಂದು ಪ್ರಾಪರ್ಟಿಗೆ ದಿನಕ್ಕೆ 2,000, ನಿಮಿಷಕ್ಕೆ 600 ಪ್ರಶ್ನೆಗಳ ಮಿತಿ. ಹತ್ತು ಸಾವಿರ ಪುಟಗಳಿದ್ದರೆ ಒಂದು ಸುತ್ತಿಗೆ ಐದು ದಿನ. ಹಾಗಾಗಿ ಹೊಸ ಪುಟಗಳನ್ನೂ ಹೆಚ್ಚು ಓದುಗರಿರುವ ಪುಟಗಳನ್ನೂ ಮೊದಲು ಕೇಳುವುದು ಜಾಣತನ.

ಉತ್ತರ ಬಂದಾಗ 'ಪಾಸ್' (ಇಂಡೆಕ್ಸ್‌ನಲ್ಲಿದೆ) ಎಂಬುದನ್ನಷ್ಟೇ ನೋಡಿ ಮುಂದೆ ಹೋಗುವವರೇ ಹೆಚ್ಚು. ಎಪಿಐ ಕೊಡುವುದು ಗೂಗಲ್ ಇಂಡೆಕ್ಸ್‌ನಲ್ಲಿರುವ ಪ್ರತಿಯ ಸ್ಥಿತಿ. ಪುಟ ಈಗ ಹೇಗಿದೆ ಎಂದು ಅದು ಹೋಗಿ ನೋಡುವುದಿಲ್ಲ. ಆದ್ದರಿಂದ ಕೊನೆಯ ಕ್ರಾಲ್ ದಿನಾಂಕ ಮುಖ್ಯ. ನಿನ್ನೆ ತಿದ್ದಿದ ಪುಟದ ಕೊನೆಯ ಕ್ರಾಲ್ ಮೂರು ತಿಂಗಳ ಹಿಂದಿನದಾದರೆ ಆ ಉತ್ತರ ನಿಮ್ಮ ತಿದ್ದುಪಡಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. 'ಪತ್ತೆಯಾಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ' ಎಂದರೆ ಬಾಟ್ ಇನ್ನೂ ಬಂದಿಲ್ಲ; ಒಳಕೊಂಡಿಗಳನ್ನೂ ಸರ್ವರ್ ವೇಗವನ್ನೂ ನೋಡಿ. 'ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ' ಎಂದರೆ ಓದಿಯೂ ಇಟ್ಟುಕೊಂಡಿಲ್ಲ. ಅಲ್ಲಿ ಪರಿಶೀಲಿಸಬೇಕಾದ್ದು ಬರಹವನ್ನೇ. ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಮತ್ತೆ ಮತ್ತೆ ಸಲ್ಲಿಸುವುದರಿಂದ ಅದು ಸರಿಹೋಗದು.

ಇನ್ನೊಂದು ಹಳೆಯ ಬಲೆ: ಪುಟದಲ್ಲಿ ಇಂಡೆಕ್ಸ್‌ಗೆ ಸೇರಿಸಬೇಡಿ ಎನ್ನುವ 'ನೋಇಂಡೆಕ್ಸ್' ಸೂಚನೆ ಹಾಕಿ, ಬಾಟ್‌ಗಳು ಎಲ್ಲಿಗೆ ಬರಬಾರದೆಂದು ಹೇಳುವ ರೋಬಾಟ್ಸ್ ಕಡತದಲ್ಲೂ ಅದೇ ಪುಟವನ್ನು ತಡೆಯುವುದು. ಒಳಗೆ ಬರಲಾಗದ ಬಾಟ್ ಆ ಸೂಚನೆಯನ್ನು ಓದುವುದು ಹೇಗೆ? ಬೇರೆಡೆಯ ಕೊಂಡಿಗಳ ಬಲದಿಂದಲೇ ವಿಳಾಸ ಇಂಡೆಕ್ಸ್‌ಗೆ ಸೇರಿಬಿಡಬಹುದು. ನೋಇಂಡೆಕ್ಸ್ ಸೂಚನೆ ಪುಟದ ಜೊತೆ ಸರ್ವರ್ ಕಳಿಸುವ ಹೆಡರ್‌ನಲ್ಲೂ ಅಡಗಿರಬಹುದು, ಆಗ ಪುಟದ ಸೋರ್ಸ್ ಎಷ್ಟು ಹುಡುಕಿದರೂ ಸಿಗದು. ಕರ್ಲ್ ಆಜ್ಞೆಯಿಂದ ಹೆಡರ್ ತರಿಸಿಯೇ ನೋಡಬೇಕು.

ಕನ್ನಡ ತಾಣಗಳಿಗೆ ಹೆಚ್ಚು ಕಾಟ ಕೊಡುವುದು ವಿಳಾಸವೇ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ವಿಳಾಸದಲ್ಲಿ ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. 'ಲೇಖನ' ಎಂಬ ಪುಟ್ಟ ಪದಕ್ಕೆ 36 ಅಕ್ಷರ ಬೇಕು. ಅದೇ ಪದದ 'ಏ' ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, 'ಎ' ಚಿಹ್ನೆಗೆ ದೀರ್ಘ ಚಿಹ್ನೆ ಸೇರಿಸಿಯೂ ಬರೆಯಬಹುದು. ಎರಡನೆಯದು 45 ಅಕ್ಷರ. ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ ವಿಳಾಸ. ಪದದ ಕೊನೆಯಲ್ಲಿ ಉಳಿದುಹೋದ ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಅಗೋಚರ ನಾನ್-ಜಾಯ್ನರ್ ಚಿಹ್ನೆ ಕೂಡ ಇದೇ ಗೊಂದಲ ಎಬ್ಬಿಸುತ್ತದೆ. ಎಪಿಐ 'ಈ ವಿಳಾಸ ಗೂಗಲ್‌ಗೆ ಗೊತ್ತಿಲ್ಲ' ಎಂದಾಗ ಪುಟವನ್ನು ದೂರುವ ಮೊದಲು, ನೀವು ಕೇಳಿದ ವಿಳಾಸವನ್ನೂ ಪುಟದ ಕ್ಯಾನೊನಿಕಲ್ (ಅಧಿಕೃತವೆಂದು ಗುರುತಿಸಿದ) ವಿಳಾಸವನ್ನೂ ಇದ್ದಂತೆಯೇ ಬೈಟ್ ಬೈಟ್ ಹೋಲಿಸಿ; ಬೇರೆಯಾಗಿದ್ದು, ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದಾಗ ಒಂದೇ ಆದರೆ ತೊಡಕು ಇದೇ. ಗೂಗಲ್ ಆರಿಸಿಕೊಂಡ ಕ್ಯಾನೊನಿಕಲ್ ಬೇರೆಯೇ ಆಗಿದ್ದರೆ ಹುಡುಕಾಟದಲ್ಲಿ ಸಾಮಾನ್ಯವಾಗಿ ಕಾಣಿಸುವುದು ಆ ಇನ್ನೊಂದು ಪುಟ.

ಎಲ್ಲವೂ ಪಾಸ್ ಆಗಿ, ಕನ್ನಡದಲ್ಲಿ ಹುಡುಕಿದರೆ ಮಾತ್ರ ಪುಟ ಬಾರದಿದ್ದರೆ ಅಕ್ಷರಗಳನ್ನೇ ಶಂಕಿಸಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಎಷ್ಟೋ ಪಿಡಿಎಫ್‌ಗಳು ಇಂದಿಗೂ ಜಾಲದಲ್ಲಿವೆ. ತೆರೆಯ ಮೇಲೆ ಅಚ್ಚ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಗೂಗಲ್ ಇಂಡೆಕ್ಸ್‌ಗೆ ಹಾಕಿಕೊಂಡದ್ದೂ ಅದನ್ನೇ. ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿದರೆ ತಕ್ಷಣ ಗೊತ್ತಾಗುತ್ತದೆ, ಮತ್ತು ಇದಕ್ಕೆ ಯೂನಿಕೋಡ್‌ಗೆ ಪರಿವರ್ತಿಸಿ ಮರುಪ್ರಕಟಿಸುವುದೇ ಪರಿಹಾರ.