ಸಬ್ಸಿಡಿಗೋ, ಸ್ವಂತಕ್ಕೋ?

ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ಒಂದು ಮಹಡಿಯ ಮೇಲೆ ಇಪ್ಪತ್ತೆರಡು ವರ್ಷದಿಂದ ಕುಳಿತಿದ್ದೇನೆ. ಲೆಕ್ಕ ಬರೆಯುವುದು, ತೆರಿಗೆ ವಿವರ ಸಲ್ಲಿಸುವುದು, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು ನನ್ನ ಕಸುಬು. ಮೆಟ್ಟಿಲು ಹತ್ತಿ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: 'ಯಾವುದಕ್ಕೆ ಎಷ್ಟು ಸಬ್ಸಿಡಿ ಇದೆ ಸಾರ್?' ನೀವು ಮಾಡಬೇಕೆಂದಿರುವುದು ಏನು ಎಂದರೆ, 'ಯಾವುದಕ್ಕೆ ಜಾಸ್ತಿಯೋ ಅದು' ಎಂಬ ಉತ್ತರ. ಹುಡುಗಿ ಯಾರೆಂದು ಕೇಳದೆ ಮದುವೆ ಊಟಕ್ಕೆ ಏನೇನು ಎಂದು ವಿಚಾರಿಸಿದ ಹಾಗೆ.

ಅರ್ಜಿ ಹಾಕುವುದು ಹೇಗೆ, ಯಾವ ದಾಖಲೆ ಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಸೈಬರ್ ಅಂಗಡಿಯ ಹುಡುಗ ನನಗಿಂತ ಚೆನ್ನಾಗಿ ಹೇಳುತ್ತಾನೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಒಂದೇ ಒಂದು ಲೆಕ್ಕವಿದೆ. ಅದಕ್ಕಾಗಿ ಈ ಅಂಕಣ.

ಕೆಲವು ವರ್ಷಗಳ ಹಿಂದೆ ಗುಬ್ಬಿ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ಮನೆಯ ತೋಟದಲ್ಲಿ ಅಡಿಕೆ ಹಾಳೆ ಬಿದ್ದು ಕೊಳೆಯುತ್ತಿದೆ, ತಟ್ಟೆ ಒತ್ತುವ ಯಂತ್ರ ಹಾಕಬೇಕು ಎಂದರು. ಕೆಲಸ ಗೊತ್ತಿತ್ತು, ಪಕ್ಕದ ಊರಿನಲ್ಲಿ ಎರಡು ವರ್ಷ ಕೂಲಿಗೆ ಒತ್ತಿದ್ದರು. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಗ್ರಾಮೀಣ ಮಹಿಳೆಗೆ 35 ಶೇಕಡಾ ಸಬ್ಸಿಡಿ. ಹತ್ತು ಲಕ್ಷದ ಘಟಕಕ್ಕೆ ಮೂರೂವರೆ ಲಕ್ಷ. 'ಆ ಮೂರೂವರೆ ಲಕ್ಷದಲ್ಲಿ ಮೊದಲು ಮಗಳ ಒಡವೆ ಬಿಡಿಸಿಕೊಂಡು ಬರುತ್ತೇನೆ ಸಾರ್' ಎಂದರು.

ತಾಯಿ, ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ ಎಂದೆ. ಹತ್ತು ಲಕ್ಷದಲ್ಲಿ ನಿಮ್ಮದು ಐವತ್ತು ಸಾವಿರ, ಬ್ಯಾಂಕಿನದು ಒಂಬತ್ತೂವರೆ ಲಕ್ಷ. ಸಬ್ಸಿಡಿಯ ಮೂರೂವರೆ ಲಕ್ಷ ಅದೇ ಬ್ಯಾಂಕಿನಲ್ಲಿ ಠೇವಣಿಯಾಗಿ ಮೂರು ವರ್ಷ ಕುಳಿತಿರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಸಾಲದಲ್ಲಿ ಅಷ್ಟೇ ಮೊತ್ತಕ್ಕೆ ನೀವೂ ಬಡ್ಡಿ ಕಟ್ಟುವುದಿಲ್ಲ. ಅಂದರೆ ಬಡ್ಡಿ ಓಡುವುದು ಆರು ಲಕ್ಷಕ್ಕೆ. ಮೂರು ವರ್ಷ ಘಟಕ ನಡೆದು, ಅಧಿಕಾರಿಗಳು ಬಂದು ನೋಡಿ ಸೈ ಎಂದ ಮೇಲೆ ಆ ಠೇವಣಿ ನಿಮ್ಮ ಸಾಲದ ಖಾತೆಗೆ ಜಮೆಯಾಗುತ್ತದೆ. ನಡುವೆ ಬೀಗ ಹಾಕಿದರೆ ಬಂದ ದಾರಿಯಲ್ಲೇ ವಾಪಸ್ ಹೋಗಲೂಬಹುದು. (ನಿಯಮಗಳು ಆಗಾಗ ಬದಲಾಗುತ್ತವೆ. ಸಹಿ ಹಾಕುವ ಮುನ್ನ ನಿಮ್ಮ ಬ್ಯಾಂಕಿನಲ್ಲಿ ಮತ್ತೊಮ್ಮೆ ಕೇಳಿ. ಅಂಕಣ ಓದಿ ಸಹಿ ಹಾಕಿದೆ ಎಂದು ನನ್ನ ಮೇಲೆ ಹೇಳಬೇಡಿ.)

ಇಷ್ಟು ಅವರಿಗೆ ಅರ್ಥವಾಯಿತು. ಇದರ ಮುಂದಿನದ್ದು ಓದಿದವರಿಗೂ ಅರ್ಥವಾಗುವುದಿಲ್ಲ.

ಯಂತ್ರದ ಕೊಟೇಶನ್ ಬೇಕಲ್ಲ, ಅವರ ಎದುರಿಗೇ ಒಬ್ಬ ತಯಾರಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಐದು ಅಚ್ಚಿನ ಯಂತ್ರ ಎಷ್ಟು ಎಂದೆ. ಅತ್ತ ಕಡೆಯಿಂದ ಬಂದ ಮೊದಲ ಮಾತು: 'ಸಬ್ಸಿಡಿಗೋ, ಸ್ವಂತಕ್ಕೋ ಸಾರ್?' ಸ್ವಂತಕ್ಕೆ ಎಂದಾಗ ಎರಡು ಲಕ್ಷ ಮೂವತ್ತೈದು ಸಾವಿರ. ಸಬ್ಸಿಡಿಗೆ ಎಂದಾಗ ಅದೇ ಯಂತ್ರ ಮೂರು ಲಕ್ಷ ಹತ್ತು ಸಾವಿರ. ಆತನಿಗೆ ಮುಚ್ಚಿಡುವ ಸಂಕೋಚವೂ ಇರಲಿಲ್ಲ. ಬಿಲ್ಲಿನ ದುಡ್ಡು ಬ್ಯಾಂಕಿನಿಂದ ಬರಲು ತಿಂಗಳುಗಟ್ಟಲೆ ಕಾಯಬೇಕು, ಪರಿಶೀಲನೆಗೆ ಬಂದವರಿಗೆ ತೋರಿಸಲು ಫಲಕ ಬರೆಸಿಕೊಡಬೇಕು, ಅದಕ್ಕೆಲ್ಲ ಖರ್ಚಿಲ್ಲವೇ ಎಂದ. ಎಲ್ಲ ತಯಾರಕರೂ ಹೀಗೆ ಎಂದು ನಾನು ಹೇಳುವುದಿಲ್ಲ. ಒಂದೇ ದರ ಹೇಳುವವರನ್ನೂ ಕಂಡಿದ್ದೇನೆ. ಆದರೆ ಆ ಪ್ರಶ್ನೆ ಕೇಳಿಸಿಕೊಂಡಷ್ಟು ಸಲ ನನ್ನ ಹೆಸರನ್ನೂ ನಾನು ಕೇಳಿಸಿಕೊಂಡಿಲ್ಲ.

ಈಗ ನಿಧಾನವಾಗಿ ಓದಿ. ಸ್ವಂತ ದುಡ್ಡಿನಲ್ಲಿ ಚೌಕಾಸಿ ಮಾಡಿ ಏಳೂವರೆ ಲಕ್ಷಕ್ಕೆ ಮುಗಿಯುವ ಘಟಕ, ಸಬ್ಸಿಡಿ ಕೊಟೇಶನ್ನಿನಲ್ಲಿ ಹತ್ತು ಲಕ್ಷವಾಗುತ್ತದೆ ಎನ್ನಿ. ಹತ್ತರಲ್ಲಿ ಮೂರೂವರೆ ಕಳೆದರೆ ಆ ತಾಯಿಯ ತಲೆಗೆ ಆರೂವರೆ. ಏಳೂವರೆಗೆ ಹೋಲಿಸಿದರೆ ಅವರಿಗೆ ಉಳಿದದ್ದು ಒಂದು ಲಕ್ಷ. ಸರ್ಕಾರದ ಲೆಕ್ಕದಲ್ಲಿ ಅವರಿಗೆ ಕೊಟ್ಟದ್ದು ಮೂರೂವರೆ ಲಕ್ಷ. ನಡುವಿನ ಎರಡೂವರೆ ಲಕ್ಷ ಎಲ್ಲಿ ಹೋಯಿತು ಎಂದು ಕೇಳಬೇಡಿ, ಯಾರೂ ಕದ್ದಿಲ್ಲ, ಪ್ರತಿ ಪೈಸೆಗೂ ಬಿಲ್ ಇದೆ. ಇನ್ನು ಅದೇ ಘಟಕ ಹಾಕುವವನು ಸಾಮಾನ್ಯ ವರ್ಗದ ಗಂಡಸಾದರೆ ಹಳ್ಳಿಯಲ್ಲಿ ಸಿಗುವುದು 25 ಶೇಕಡಾ. ಹತ್ತರಲ್ಲಿ ಎರಡೂವರೆ ಹೋದರೆ ಏಳೂವರೆ. ಅವನಿಗೆ ಉಳಿದದ್ದು ಸೊನ್ನೆ. ಆ ಸೊನ್ನೆಗಾಗಿ ಅವನು ತರಬೇತಿಗೆ ಹೋಗಿ, ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಅಲೆದು, ಬ್ಯಾಂಕಿನ ಬೆಂಚು ಸವೆಸಿ, ನನ್ನ ಫೀಸನ್ನೂ ಕೊಟ್ಟಿರುತ್ತಾನೆ.

ಅದಕ್ಕೇ ನಾನು ಪ್ರತಿಯೊಬ್ಬರಿಗೂ ಹೇಳುವುದು: ಮೊದಲು ಸ್ವಂತಕ್ಕೆ ಎಂದು ದರ ಕೇಳಿ, ಚೀಟಿಯಲ್ಲಿ ಬರೆದುಕೊಳ್ಳಿ. ಸಬ್ಸಿಡಿ ಕಳೆದ ಮೇಲಿನ ಮೊತ್ತವನ್ನು ಆ ಚೀಟಿಯ ಪಕ್ಕದಲ್ಲಿಡಿ. ಎಲ್ಲರೂ ಕೊಟೇಶನ್ನಿನ ಮೇಲಿನ ಅಂಕಿಯಿಂದ ಕಳೆಯುತ್ತಾರೆ. ಆ ಅಂಕಿ ಹುಟ್ಟಿದ್ದೇ ಕಳೆಯಲಿ ಎಂದು.

ಇದರ ಇನ್ನೊಂದು ಮುಖ ಕುರಿ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಖರ್ಚಿನ ಅರ್ಧದಷ್ಟು ಸಬ್ಸಿಡಿ, ಅದರ ಗರಿಷ್ಠ ಮಿತಿ 100 ಹೆಣ್ಣು, 5 ಗಂಡಿನ ಘಟಕಕ್ಕೆ 10 ಲಕ್ಷದಿಂದ ಹಿಡಿದು 500 ಹೆಣ್ಣು, 25 ಗಂಡಿಗೆ 50 ಲಕ್ಷದವರೆಗೆ. ಬೆಂಗಳೂರಿನಲ್ಲಿ ಗುತ್ತಿಗೆ ಕೆಲಸ ಮಾಡಿ ಕೈಯಲ್ಲಿ ಕಾಸು ಮಾಡಿಕೊಂಡಿದ್ದ ಶಿರಾ ಕಡೆಯ ಯುವಕ ಬಂದು ನೇರವಾಗಿ 500ರದ್ದೇ ಬೇಕು ಎಂದ. ವರ್ಷಕ್ಕೆ ಎಷ್ಟು ಸಲ ಜಂತುಹುಳದ ಔಷಧಿ ಕುಡಿಸಬೇಕಪ್ಪಾ ಎಂದೆ. ಮೊಬೈಲ್ ತೆಗೆದು ನೋಡಲು ಶುರು ಮಾಡಿದ. ಹತ್ತು ಕುರಿ ತಂದು ಆರು ತಿಂಗಳು ಸಾಕಿ ಬಾ ಎಂದು ಕಳುಹಿಸಿದೆ. ಅವನು ಬೇರೆಯವರ ಹತ್ತಿರ ರಿಪೋರ್ಟ್ ಮಾಡಿಸಿದ.

ಅವನ ಊರಿನಲ್ಲೇ ತಲೆಮಾರಿನಿಂದ ಕುರಿ ಕಾಯುವ ಒಬ್ಬ ಹಿರಿಯರಿದ್ದರು. ಅರವತ್ತು ಕುರಿ, ಒಂದು ಕಂಬಳಿ, ಬೇಸಿಗೆಯಲ್ಲಿ ಹೊಲದವರು ಕರೆದರೆ ಮಂದೆ ನಿಲ್ಲಿಸಿ ಗೊಬ್ಬರದ ಕಾಸು. ಯೋಜನೆಯ ಬಾಗಿಲು ತೆರೆಯುವುದೇ ನೂರಕ್ಕೆ, ಜೊತೆಗೆ ಜಮೀನಿನ ಕಾಗದ, ಬ್ಯಾಂಕಿನ ಒಪ್ಪಿಗೆ. ಅವರಿಗೆ ಎರಡೂ ಇರಲಿಲ್ಲ. ಯುವಕ ಅಟ್ಟಣಿಗೆ ಶೆಡ್ ಕಟ್ಟಿ, ಅವರನ್ನೇ ಸಂಬಳಕ್ಕೆ ಇಟ್ಟುಕೊಂಡ. ಮೊದಲ ಮಳೆಗಾಲದಲ್ಲಿ ನೀಲಿ ನಾಲಿಗೆ ರೋಗ ಬಂತು. ಆ ಶೆಡ್ ಈಗ ಮೆಕ್ಕೆಜೋಳದ ಮೂಟೆಗಳಿಗೆ ಬಾಡಿಗೆಗೆ ಹೋಗಿದೆ. ಹಿರಿಯರು ತಮ್ಮ ಅರವತ್ತು ಕುರಿಗಳ ಹಿಂದೆ ಹೊರಟರು. ತೆರಿಗೆ ಎಲ್ಲರ ಜೇಬಿನಿಂದ ಹೋಗುತ್ತದೆ. ಆ ಹಿರಿಯರು ಕೊಳ್ಳುವ ಸೋಪಿನ ಮೇಲೂ ಇದೆ.

ಕುರಿಯ ಮಾತು ಬಂತೆಂದು ಹೇಳುತ್ತೇನೆ. ನ್ಯೂಜಿಲೆಂಡಿನಲ್ಲೂ ಒಂದು ಕಾಲದಲ್ಲಿ ಸರ್ಕಾರದ ದುಡ್ಡು ನೋಡಿ ಕುರಿ ಹೆಚ್ಚಿಸಿದ್ದರು, 1980ರ ದಶಕದ ಆರಂಭದಲ್ಲಿ ಸುಮಾರು 7 ಕೋಟಿ ಕುರಿಗಳಿದ್ದವು. 1984ರಲ್ಲಿ ಬಂದ ಸರ್ಕಾರ ಕೃಷಿ ಸಬ್ಸಿಡಿಗಳನ್ನು ಹೆಚ್ಚುಕಡಿಮೆ ಒಂದೇ ಏಟಿಗೆ ಕತ್ತರಿಸಿತು. ರೈತರೇ ಉಳಿಯುವುದಿಲ್ಲ ಎಂದವರಿದ್ದರು. ರೈತರು ಉಳಿದರು, ಹೈನಿಗೆ, ಹಣ್ಣಿಗೆ, ದ್ರಾಕ್ಷಿಗೆ ಹೊರಳಿದರು. ಕುರಿಗಳು ಮೂರು ದಶಕದಲ್ಲಿ ಅರ್ಧಕ್ಕಿಂತ ಕಡಿಮೆಯಾದವು. ಈ ಹೋಲಿಕೆಯನ್ನು ಬಹಳ ಎಳೆದರೆ ಹರಿಯುತ್ತದೆ, ನನಗೆ ಗೊತ್ತು. ಅಲ್ಲಿಯ ರೈತನಿಗೆ ನೂರಾರು ಎಕರೆ, ನಮ್ಮವನಿಗೆ ಎರಡೋ ಮೂರೋ. ಆ ಮೊದಲ ಕೆಲವು ವರ್ಷ ಅಲ್ಲಿಯೂ ಕಣ್ಣೀರಿನವೇ.

ನನ್ನನ್ನು ಕೇಳಿದರೆ ರೇಷನ್ ಅಕ್ಕಿ, ವೃದ್ಧಾಪ್ಯ ವೇತನಗಳ ಮೇಲೆ ಮೊದಲು ಕತ್ತರಿ ಎತ್ತುವವರ ಜೊತೆ ನಾನಿಲ್ಲ. ಅಕ್ಕಿ ತಿಂದವರ ಹೊಟ್ಟೆಗೆ ಹೋಗುತ್ತದೆ, ನಡುವೆ ಕೊಟೇಶನ್ ಇಲ್ಲ. ಕತ್ತರಿ ಯಂತ್ರ ಮತ್ತು ಶೆಡ್ಡುಗಳ ಸಬ್ಸಿಡಿಯಿಂದ ಶುರುವಾಗಲಿ. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ ರಾಜಾಜಿ ಬೈದದ್ದು ಪರ್ಮಿಟ್-ಲೈಸೆನ್ಸ್ ರಾಜ್ಯವನ್ನು, ಅಂದರೆ ಉದ್ಯಮ ನಡೆಸಲು ಹೆಜ್ಜೆಹೆಜ್ಜೆಗೂ ಸರ್ಕಾರದ ಅಪ್ಪಣೆ ಬೇಕೆನ್ನುವ ವ್ಯವಸ್ಥೆಯನ್ನು. ಲೈಸೆನ್ಸ್ ಎಂದರೆ ನಮ್ಮವರೂ ಮೂಗು ಮುರಿಯುತ್ತಾರೆ. ಸಬ್ಸಿಡಿ ಅದರ ಒಡಹುಟ್ಟು ಎಂದರೆ ಮಾತ್ರ ಎದ್ದು ಹೋಗುತ್ತಾರೆ. ಗುಬ್ಬಿಯ ಆ ತಾಯಿಗೆ ತ್ರೀ ಫೇಸ್ ವಿದ್ಯುತ್ ಸಂಪರ್ಕಕ್ಕೆ ಐದು ತಿಂಗಳು ಹಿಡಿಯಿತು. ಅದು ವಾರದಲ್ಲಿ ಸಿಕ್ಕಿದ್ದರೆ, ಪಂಚಾಯಿತಿ ಪರವಾನಗಿಗೆ ನಾಲ್ಕು ಸಲ ಅಲೆಸದೆ ಇದ್ದಿದ್ದರೆ, ಅವರಿಗೆ ಉಳಿಯುತ್ತಿದ್ದದ್ದು ಆ ಒಂದು ಲಕ್ಷಕ್ಕಿಂತ ಹೆಚ್ಚು. ಸರ್ಕಾರಕ್ಕೆ ಅದರಲ್ಲಿ ಖರ್ಚೂ ಇಲ್ಲ, ಫೋಟೋವೂ ಇಲ್ಲ.

ತಿಪಟೂರಿನ ಓದುಗರು ಈಗ ಕೊಬ್ಬರಿಯ ಬೆಂಬಲ ಬೆಲೆಯ ಮಾತೆತ್ತುತ್ತಾರೆ. ನ್ಯಾಯವೇ. ಉಂಡೆ ಕೊಬ್ಬರಿಗೆ 2024ರಲ್ಲಿ ಕ್ವಿಂಟಲಿಗೆ 12,000 ರೂಪಾಯಿ ನಿಗದಿಯಾಗಿತ್ತು, ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಖರೀದಿ ನೋಂದಣಿಗೆ ನನ್ನ ಸ್ವಂತ ತಮ್ಮ ರಾತ್ರಿಯೇ ಹೋಗಿ ಸಾಲಿನಲ್ಲಿ ಚಪ್ಪಲಿ ಇಟ್ಟು ಬಂದಿದ್ದ. ನಾನು ಅವನಿಗೆ ಉಪದೇಶ ಮಾಡಲಿಲ್ಲ, ಬೆಳಿಗ್ಗೆ ಕಾಫಿ ಕೊಟ್ಟು ಬಂದೆ. ಮರುವರ್ಷ ಬೆಂಬಲ ಬೆಲೆ 12,100 ಆಯಿತು, ಮಾರುಕಟ್ಟೆ ಅದರ ಎರಡು ಪಟ್ಟನ್ನೂ ದಾಟಿತು. ಆಗ ಆ ಸಾಲಿನಲ್ಲಿ ಒಂದು ಚಪ್ಪಲಿಯೂ ಇರಲಿಲ್ಲ.

ಇಷ್ಟೆಲ್ಲ ಬರೆಯುವವನ ಅನ್ನ ಎಲ್ಲಿಂದ ಬರುತ್ತದೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಕಚೇರಿಯ ಆದಾಯದಲ್ಲಿ ಮೂರನೆಯ ಒಂದು ಭಾಗ ಸಬ್ಸಿಡಿ ಫೈಲುಗಳದ್ದು. ನಾಳೆ ಇವೆಲ್ಲ ನಿಂತರೆ ಇಬ್ಬರು ಸಹಾಯಕರಲ್ಲಿ ಒಬ್ಬನನ್ನು ಕಳುಹಿಸಬೇಕಾಗುತ್ತದೆ. ಅವನ ಮುಖ ನೋಡಿದಾಗ ನನ್ನ ಸಿದ್ಧಾಂತದ ದನಿ ಸ್ವಲ್ಪ ಇಳಿಯುತ್ತದೆ.

ಗುಬ್ಬಿಯ ಆ ತಾಯಿ ಸಬ್ಸಿಡಿಯನ್ನೇ ತೆಗೆದುಕೊಂಡರು. ಸ್ವಂತಕ್ಕೆ ಅವರ ಹತ್ತಿರ ಏಳೂವರೆ ಲಕ್ಷ ಎಲ್ಲಿಂದ ಬರಬೇಕು? ಕಂತು ತಪ್ಪಿಸಲಿಲ್ಲ. ಮೊನ್ನೆ ಬಂದರು, ಠೇವಣಿ ಸಾಲಕ್ಕೆ ಜಮೆಯಾದ ಪಾಸ್‌ಬುಕ್ಕಿನ ಪುಟವನ್ನು ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟರು, ಜೊತೆಗೆ ಹತ್ತು ಹಾಳೆ ತಟ್ಟೆ. ಮಗಳ ಒಡವೆ ಬಿಡಿಸಿಕೊಂಡಾಯಿತು ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇನ್ನೊಂದು ಯಂತ್ರ ಹಾಕಬೇಕು ಸಾರ್, ಅದಕ್ಕೆ ಏನಾದರೂ ಇದೆಯಾ?' ಎಂದರು.

ಚೆನ್ನಾಗಿ ನಡೆಯುವ ಘಟಕದ ವಿಸ್ತರಣೆಗೆ 15 ಶೇಕಡಾ ಇದೆ. ಹೇಳಿದೆ. ಸಹಾಯಕನಿಗೆ ಹೊಸ ಫೈಲು ತರಲು ಹೇಳಿ, ಫೋನ್ ಅವರ ಕೈಗೇ ಕೊಟ್ಟೆ. ಅತ್ತ ಕಡೆಯವನು ಕೇಳಿದಾಗ ಅವರು ನನ್ನ ಮುಖ ನೋಡಿ, 'ಸ್ವಂತಕ್ಕೆ ಹೇಳಪ್ಪಾ ಮೊದಲು' ಎಂದರು.